ದೇವರ ಮಟ್ಟಿಯಲ್ಲಿ ಎರಡು ಹೊಗೆ

ಶಿವರಾತ್ರಿ ಕಳೆಯಿತೆಂದರೆ ಗಂಗಕ್ಕನಿಗೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಉಳಿದವರಿಗೆ ಅದು ಚಳಿ ಶಿವಶಿವಾ ಎಂದು ಓಡಿಹೋಗುವ ಕಾಲ. ಅವಳಿಗೆ ಗುಡ್ಡದ ಹುಲ್ಲು ಒಣಗಿ ಗರಿಗರಿಯಾಗುವ ಕಾಲ. ಅಲ್ಲಿಂದ ಮುಂಗಾರಿನ ಮೊದಲ ಹದಮಳೆ ಬೀಳುವ ತನಕ ಅವಳ ಮೂಗು ಅವಳ ಮಾತು ಕೇಳುವುದಿಲ್ಲ. ಪಕ್ಕದ ಮನೆಯವರು ಒಲೆಗೆ ಹಸಿ ಕಟ್ಟಿಗೆ ಇಟ್ಟರೂ ಎದ್ದು ಅಂಗಳಕ್ಕೆ ಬರುತ್ತಾಳೆ. ಗುಡ್ಡದ ಕಡೆ ಕತ್ತು ಚಾಚಿ ನೋಡುತ್ತಾಳೆ. ಹೊಗೆ ಕಾಣದಿದ್ದರೆ ಒಳಗೆ ಹೋಗಿ ಕೂರುತ್ತಾಳೆ, ಕೂತಲ್ಲಿಂದ ಮತ್ತೆ ಏಳುತ್ತಾಳೆ.

“ನಿಮ್ಮಪ್ಪ ಗಂಗೆ ಅಂತ ಹೆಸರಿಟ್ಟ, ಹೊಟ್ಟೆಯೊಳಗೆ ಬೆಂಕಿ ಇಟ್ಟೋರು ಯಾರೇ?” ಎಂದು ಪಕ್ಕದ ಮನೆಯ ಚಿತ್ತಮ್ಮ ರೇಗಿಸುತ್ತಾಳೆ.

“ನಿಮ್ಮನೆ ಒಲೇನೇ ಇಟ್ಟಿದ್ದು. ಒಣ ಕಟ್ಟಿಗೆ ಹಾಕೇ ನಮ್ಮವ್ವ, ನಂಗಿಲ್ಲಿ ಜೀವ ಹೋಗ್ತೈತೆ.”

ಗಂಗಕ್ಕ ಅರಣ್ಯ ಇಲಾಖೆಯ ಬೇಸಿಗೆ ಕಾವಲಿನವಳು. ಇಲಾಖೆಯವರು ಬೆಂಕಿ ಕಾವಲುಗಾರ ಎನ್ನುತ್ತಾರೆ, ಕಮರದಹಟ್ಟಿಯವರು ವಾಚರ್ರು ಎನ್ನುತ್ತಾರೆ. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವಾಗ ಬಲಕ್ಕೆ ಸಾಲಾಗಿ ನಿಂತ ಗುಡ್ಡಗಳು, ಗುಡ್ಡದ ನೆತ್ತಿಯ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು, ಬುಡದಲ್ಲಿ ಕಳ್ಳೆ ಬೇಲಿಯ ಒಳಗೆ ಕಮರದಹಟ್ಟಿ. ಹಟ್ಟಿಯವರೆಲ್ಲ ಕುರಿ ಕಾಯುವ ಗೊಲ್ಲರು. ಮಳೆ ಬಂದರೆ ಒಂದಿಷ್ಟು ಸಜ್ಜೆ, ಶೇಂಗಾ. ಮಳೆ ಇಲ್ಲದಾಗ ಆದಿವಾಲದ ಕಡೆ ತೋಟಗಳಿಗೆ ಕೂಲಿ, ಇಲ್ಲವೆ ಬಬ್ಬೂರು ಫಾರಂಗೆ ಕಳೆ ತೆಗೆಯುವ ಕೆಲಸ. ಗಂಗಕ್ಕನೂ ಬಹಳ ವರ್ಷ ಬಬ್ಬೂರಿಗೆ ಹೋದವಳೇ. ಗಂಡ ಕಾಟಲಿಂಗಪ್ಪನ ಎದೆ ಕೆಟ್ಟು, ಗುಡ್ಡ ಹತ್ತಲಾಗದೆ ಕೂತಾಗ ಅವನ ಕಾವಲಿನ ಕೆಲಸ ಇವಳ ಹೆಗಲಿಗೆ ಬಂತು. ಎರಡು ವರ್ಷದ ಹಿಂದೆ ಅವನು ಹೋದ. ಕೆಲಸ ಇವಳಲ್ಲಿಯೇ ಉಳಿಯಿತು.

ಬೆಂಕಿ ಆರಿಸುವುದಕ್ಕೆ ಹುಟ್ಟಿದ ಕುಲವೇನಲ್ಲ ಅದು. ಅವಳ ಅಪ್ಪನ ಕಾಲದಲ್ಲಿ ಗುಡ್ಡಕ್ಕೆ ಬೆಂಕಿ ಇಡುವುದು ಕುರಿ ಸಾಕುವುದರ ಒಂದು ಭಾಗವೇ ಆಗಿತ್ತು. ಹಳೆ ಬಾದೆ ಹುಲ್ಲು ಸುಟ್ಟರೆ ಕುರಿಗೆ ಹತ್ತುವ ಉಣ್ಣೆ ಹುಳ ಸಾಯುತ್ತದೆ, ಮಳೆ ಬಿದ್ದ ವಾರದಲ್ಲಿ ಎಳೆ ಚಿಗುರು ಬರುತ್ತದೆ. “ತಲೆ ಬಾಚ್ದಂಗೆ ಕಣವ್ವ ಅದು, ಗುಡ್ಡಕ್ಕೆ” ಎನ್ನುತ್ತಿದ್ದ ಅಪ್ಪ. ಆದರೆ ಬಾಚುವವರು ಹೆಚ್ಚಾದರು, ಬಾಚಣಿಗೆಗೆ ಸಿಕ್ಕುವ ಗಿಡಗಳೂ ಹೆಚ್ಚಾದವು. ಇಲಾಖೆ ಸಸಿ ನೆಟ್ಟಿತು. ಕಮರ, ಹೊಂಗೆ, ಬೇವು ಮೊಣಕಾಲುದ್ದ ಬರುವಷ್ಟರಲ್ಲಿ ಸುಟ್ಟು ಕರಕಲಾಗುತ್ತಿದ್ದವು. ಯಾವ ಗುಡ್ಡಕ್ಕೆ ಬೆಂಕಿ ಬಿದ್ದರೂ ಜೀಪು ಮೊದಲು ಗೊಲ್ಲರಹಟ್ಟಿಗೆ ಬರುತ್ತಿತ್ತು. ಬೀಡಿ ಎಸೆದವನು ರಸ್ತೆಯಲ್ಲಿ ಹೋದ ಲಾರಿಯವನೇ ಆಗಿರಲಿ, ಬೈಸಿಕೊಳ್ಳುವವರು ಕಂಬಳಿ ಹೊದ್ದವರು. ಕೊನೆಗೆ ಯಾರೋ ಒಬ್ಬ ಸಾಹೇಬರಿಗೆ ಹೊಳೆಯಿತಂತೆ, ಹಚ್ಚಲು ಗೊತ್ತಿದ್ದವರಿಗೆ ಆರಿಸಲೂ ಗೊತ್ತಿರುತ್ತದೆ ಎಂದು. ಹಟ್ಟಿಯ ಹುಡುಗರನ್ನೇ ಕರೆದು ಕಾವಲಿಗೆ ಹಾಕಿದರು. ಕಾಟಲಿಂಗಪ್ಪ ಆ ಮೊದಲ ತಂಡದವನು.

ಅಂದಿನಿಂದ ಹಟ್ಟಿಯಲ್ಲಿ ಬೆಂಕಿ ಹಚ್ಚುವ ಮಾತು ಬಾಯಿಗೆ ಬರಬಾರದ ಮಾತಾಯಿತು. ಗಂಗಕ್ಕ ಮದುವೆಯಾಗಿ ಬಂದ ಹೊಸತರಲ್ಲಿ ಗಂಡನಿಗೆ ತನ್ನ ಅಪ್ಪನ ಒಂದು ಕಥೆ ಹೇಳಿದ್ದಳು. ಅವಳು ಸಣ್ಣವಳಿದ್ದಾಗ ಅಪ್ಪನ ಜೊತೆ ಕುರಿ ಹಿಂದೆ ಹೋಗಿದ್ದಳಂತೆ. ಸುತ್ತ ಬೆಂಕಿ ಬಂತಂತೆ. ಅಪ್ಪ ಓಡಲಿಲ್ಲ. ಕಡ್ಡಿ ಗೀಚಿ ತಾನೇ ಮುಂದಿನ ಹುಲ್ಲಿಗೆ ಬೆಂಕಿ ಇಟ್ಟು, ಅದು ಸುಟ್ಟು ಮುಂದೆ ಹೋದ ಮೇಲೆ ಆ ಕರಿ ನೆಲದಲ್ಲಿ ಕುರಿಗಳನ್ನು ನುಗ್ಗಿಸಿ, ಮಗಳನ್ನು ಕಂಬಳಿಯೊಳಗೆ ಮುಚ್ಚಿ ಕೂತುಬಿಟ್ಟನಂತೆ. ಒಮ್ಮೆ ಸುಟ್ಟ ನೆಲ ಮತ್ತೆ ಸುಡುವುದಿಲ್ಲವಲ್ಲ. ದೊಡ್ಡ ಬೆಂಕಿ ಬಂದು ಸುತ್ತುಹಾಕಿ ಹೊರಟುಹೋಯಿತಂತೆ. ಕಾಟಲಿಂಗಪ್ಪ ಎಲ್ಲವನ್ನೂ ಕೇಳಿ, “ಒಳ್ಳೆ ಮಾವ ಸಿಕ್ಕ ನಂಗೆ. ಇದನ್ನ ಇನ್ಯಾರ ಮುಂದೂ ಹೇಳಬ್ಯಾಡ, ವಾಚರ್ ಹೆಂಡ್ತಿ ಬೆಂಕಿ ಇಡಾದು ಕಲಿಸ್ತಾಳೆ ಅಂತಾರೆ” ಎಂದಿದ್ದ. ಅವಳು ಹೇಳಲಿಲ್ಲ. ಮಗ ಜುಂಜೇಶನಿಗೂ ಹೇಳಲಿಲ್ಲ.

ಮಗನೊಬ್ಬನೇ ಅವಳಿಗೆ ಈಗ ಇರುವವನು. ಹಟ್ಟಿಯ ದೇವರಿಗೆ ಬಿಟ್ಟ ದನಗಳಿವೆ. ಅವನ್ನು ಹೂಡುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಅವನ್ನು ಮೇಯಿಸುವವನೇ ಕಿಲಾರಿ. ಕಿಲಾರಿ ಕಾಲಿಗೆ ಚಪ್ಪಲಿ ಹಾಕುವುದಿಲ್ಲ. ಏನೇ ಬಂದರೂ ದನ ಬಿಟ್ಟು ಬರುವುದಿಲ್ಲ. ಬೆಳಿಗ್ಗೆ ದನ ಹೊಡೆದುಕೊಂಡು ಹೊರಟಾಗ ಅವನನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು. ದೇವರ ದನ ಹೋದದ್ದೇ ದಾರಿ. ಕೇಳಿದರೆ ಆ ದಿನ ಕೇಡು ತಪ್ಪಿದ್ದಲ್ಲ ಎನ್ನುತ್ತಾರೆ. ಅಪ್ಪ ತೀರಿಕೊಂಡ ವರ್ಷ ಜುಂಜೇಶ ಕಿಲಾರಿಯಾದ. ಅವನಿಗೆ ಈ ನೇಮಗಳನ್ನೆಲ್ಲ ಒಂದೂ ಬಿಡದಂತೆ ಹೇಳಿಕೊಟ್ಟವಳು ಗಂಗಕ್ಕನೇ.

ದೇವರ ದನಕ್ಕೆಂದೇ ಒಂದು ಮಟ್ಟಿ ಇದೆ, ದೇವರ ಮಟ್ಟಿ. ದೊಡ್ಡ ಗುಡ್ಡದಿಂದ ಹಟ್ಟಿಯ ಕಡೆಗೆ ಮೊಣಕೈ ಚಾಚಿದಂತೆ ಬಂದಿರುವ ದಿಬ್ಬ. ಅದರ ಹುಲ್ಲನ್ನು ಯಾರೂ ಮೇಯಿಸುವುದಿಲ್ಲ. ಯುಗಾದಿ ಕಳೆದು ಎಲ್ಲಿಯೂ ಮೇವಿಲ್ಲದಾಗ ದೇವರ ದನ ಅಲ್ಲಿಗೆ ಇಳಿಯುತ್ತವೆ. ಆ ಹುಲ್ಲಿಗೆ ಕಬ್ಬಿಣ ತಾಗಬಾರದು. ಕುಡುಗೋಲು ಹಿಡಿದು ಆ ಮಟ್ಟಿ ಹತ್ತಿದವರು ಹಟ್ಟಿಯಲ್ಲಿ ಇಲ್ಲ.

ತಕರಾರು ಬಂದದ್ದೇ ಅಲ್ಲಿ.

ಪ್ರತಿ ವರ್ಷ ಸಂಕ್ರಾಂತಿ ಆಜುಬಾಜಿನಲ್ಲಿ ಗುಡ್ಡದ ಬುಡದುದ್ದಕ್ಕೂ ಬೆಂಕಿ ರೇಖೆ ಎಳೆಯುತ್ತಾರೆ. ಗಾಡಿ ದಾರಿಯಷ್ಟು ಅಗಲಕ್ಕೆ ಹುಲ್ಲು ಕೊಯ್ದು, ಒಣಗಿಸಿ, ಇಬ್ಬನಿ ಇರುವ ಹೊತ್ತಿನಲ್ಲೇ ಸುಟ್ಟು ಬೋಳು ಮಾಡುವುದು. ಆಮೇಲೆ ಬೆಂಕಿ ಬಂದರೂ ದಾಟಲು ಅದಕ್ಕೆ ಮೇವಿಲ್ಲ. ರೇಖೆ ದೇವರ ಮಟ್ಟಿಯ ಬುಡಕ್ಕೆ ಬಂದು ನಿಲ್ಲುತ್ತದೆ. ಮಟ್ಟಿಯಾಚೆ ಮತ್ತೆ ಶುರುವಾಗುತ್ತದೆ. ನಡುವೆ ಬಾಯಿ ತೆರೆದಂತೆ ಹುಲ್ಲು. ಗಾರ್ಡ್ ಪ್ರಸನ್ನಕುಮಾರ್ ಈ ಕಡೆಗೆ ಹೊಸಬ, ಹೊರಕೆರೆದೇವಪುರದವನು. ಅವನಿಗೆ ಅದು ಕಣ್ಣಿಗೆ ಚುಚ್ಚಿತು.

“ಗಂಗಕ್ಕ, ಇಷ್ಟು ಉದ್ದ ಬೇಲಿ ಹಾಕಿ ಬಾಗಿಲು ತೆಗೆದಿಟ್ಟಂಗೆ ಆಯ್ತಲ್ರಿ ಇದು.”

“ಅದು ದೇವರ ಬಾಗಿಲು ಸಾರ್. ಕುಡ್ಲು ಹಾಕೋ ಹಂಗಿಲ್ಲ.”

“ಬೆಂಕಿಗೆ ಗೊತ್ತಾಗುತ್ತಾ ಅದು ದೇವರದು ಅಂತ?”

ಪೂಜಾರಿ ಕ್ಯಾತಣ್ಣ ಅಲ್ಲೇ ಬೇವಿನ ಕಟ್ಟೆ ಮೇಲೆ ಕೂತಿದ್ದ. “ನಮ್ಮ ತಾತನ ಕಾಲದಿಂದ ಗೊತ್ತಾಗೈತೆ ಸಾರ್, ನಿಮ್ಮ ಕಾಲದಾಗೂ ಗೊತ್ತಾಗ್ತೈತೆ” ಎಂದ. ಹೆಂಗಸರು ನಕ್ಕರು. ಗಾರ್ಡ್ ಹುಡುಗನ ಮುಖ ಕೆಂಪಾಯಿತು. ಗಂಗಕ್ಕನಿಗೆ ಅಯ್ಯೋ ಅನ್ನಿಸಿತು.

“ಆ ಜಾಗ ನಾನು ಕಾಯ್ತೀನಿ ಸಾರ್. ನಾನಿರಾ ತನಕ ಅಲ್ಲಿ ಬೆಂಕಿ ದಾಟಲ್ಲ” ಎಂದಳು.

ಅವನು ಒಪ್ಪಿದನೋ, ಸೋತನೋ, ಬೈಕು ಹತ್ತಿ ಹೊರಟುಹೋದ. ತಾನು ಆಡಿದ ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಅಂದಿನಿಂದ ಮಧ್ಯಾಹ್ನದ ಗಾಳಿ ಏಳುವ ಹೊತ್ತಿಗೆ ಮಟ್ಟಿಯ ಬುಡದ ಬಂಡೆಯ ಮೇಲೆ ಬಂದು ಕೂರುತ್ತಾಳೆ. ಗುಡ್ಡಕ್ಕೆ ಹೋಗುವವರ ಜೇಬು, ಮಡಿಲು ನೋಡಿ ಬೀಡಿ, ಕಡ್ಡಿಪೆಟ್ಟಿಗೆ ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕುತ್ತಾಳೆ. ಹಿಂದಿರುಗುವಾಗ ಕೊಡುತ್ತಾಳೆ. ಶಿವರಾತ್ರಿಯ ಮಾರನೆಯ ದಿನ ಜುಂಜೇಶನ ಕಂಬಳಿ ಕೊಡವಿದಾಗ ಅಲ್ಲಿಂದಲೂ ಒಂದು ಕಡ್ಡಿಪೆಟ್ಟಿಗೆ ಬಿತ್ತು. ಎಲ್ಲರೂ ನೋಡುತ್ತಿದ್ದರು.

“ಕಿಲಾರಿ ಬೀಡಿ ಸೇದ್ತಾನೇನೋ ಲೇ?”

“ಇಲ್ಲವ್ವ. ಸುಮ್ನೆ ಇಟ್ಕಂಡಿದ್ದೆ.”

“ಸುಮ್ನೆ ಇಟ್ಕಣಾಕೆ ಅದೇನು ದೇವರ ಭಂಡಾರವೇ? ಇನ್ನೊಂದು ಸಲ ಸಿಕ್ಕರೆ ಗಾರ್ಡ್ ಸಾರ್‌ಗೇ ಹಿಡ್ಕೊಡ್ತೀನಿ.”

ಅವನು ದನಗಳ ಹಿಂದೆ ಹೋದ. ಎರಡು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಯುಗಾದಿಗೆ ಇನ್ನೂ ವಾರ ಮೇಲಿತ್ತು. ಅವತ್ತು ಬೆಳಿಗ್ಗೆ ಜುಂಜೇಶ ದನ ಬಿಡಿಸಿಕೊಂಡು ಹೊರಟಾಗ ಗಂಗಕ್ಕ ರೊಟ್ಟಿ ಗಂಟು ಕೊಟ್ಟಳು. ಬಿಸಿಲು ಆಗಲೇ ಚುರ್ ಎನ್ನುತ್ತಿತ್ತು. ಎಲ್ಲಿಗೆ ಹೊಡಿತೀಯಪ್ಪ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು.

ಮಧ್ಯಾಹ್ನ ಬಂಡೆಯ ಮೇಲೆ ಕೂತಿದ್ದಾಗ ದೊಡ್ಡ ಗುಡ್ಡದ ಆಚೆ ಬೂದುಬಣ್ಣದ ಹೊಗೆ ಕಾಣಿಸಿತು. ಮೊದಲಿಗೆ ಧೂಳು ಅಂದುಕೊಂಡಳು. ಧೂಳು ಇಳಿಯುತ್ತದೆ, ಇದು ಏಳುತ್ತಿತ್ತು. ಫೋನ್ ಮಾಡಿದರೆ ಪ್ರಸನ್ನಕುಮಾರ್ ಬೈಕಿನ ಮೇಲೆಯೇ ಇದ್ದ.

“ಮೊಬೈಲ್‌ಗೆ ಅಲರ್ಟ್ ಬಂದಿದೆ ಗಂಗಕ್ಕ, ಉಪಗ್ರಹದ್ದು. ಆಚೆ ರಸ್ತೆ ಪಕ್ಕದಿಂದ ಹತ್ತಿದೆ. ಗಾಳಿ ಯಾವ ಕಡೆಗಿದೆ ನೋಡಿ ಹೇಳ್ರಿ.”

ಅವಳು ತಲೆಯೆತ್ತಿ ನೆತ್ತಿಯ ಫ್ಯಾನುಗಳನ್ನು ನೋಡಿದಳು. ಗಾಳಿ ಬರುವ ಕಡೆಗೆ ಮುಖ ಮಾಡುವುದು ಅವುಗಳ ಗುಣ. ಅವು ನಿಧಾನವಾಗಿ ಕತ್ತು ತಿರುಗಿಸಿ ಹಟ್ಟಿಗೆ ಬೆನ್ನು ಹಾಕುತ್ತಿದ್ದವು. “ನಮ್ಮ ಕಡೀಕೇ ಸಾರ್” ಎಂದಳು.

ಅವನು ಇನ್ನೂ ಮೂವರು ವಾಚರುಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಬೆಂಕಿ ನೆತ್ತಿ ದಾಟಿ ಈಚೆ ಇಣುಕಿತ್ತು. ಹಗಲಿನಲ್ಲಿ ಅದರ ಬಣ್ಣ ಕಾಣುವುದಿಲ್ಲ. ಗಾಳಿ ನಡುಗುವುದು ಕಾಣುತ್ತದೆ, ಅದರ ಹಿಂದೆ ಗುಡ್ಡ ಕಪ್ಪಾಗುವುದು ಕಾಣುತ್ತದೆ. ಹಟ್ಟಿಯಿಂದ ಗಂಡಸರು, ಹೆಂಗಸರು ಬೆಂಕಿ ಬಡಿಯಲು ಬಂದ್ರಿ ಸೊಪ್ಪಿನ ಹಸಿ ಬರಲು ಹಿಡಿದು ಬಂದರು. ಮುದುಕರನ್ನೂ ಮಕ್ಕಳನ್ನೂ ಟಾರು ರಸ್ತೆಗೆ ಕಳಿಸಿದ್ದಾಯಿತು. ಹಿರಿಯೂರಿನಿಂದ ಬೆಂಕಿ ನಂದಿಸುವ ಲಾರಿ ಹೊರಟಿದೆ ಎಂದು ಯಾರೋ ಹೇಳಿದರು. ಅದು ಬಂದರೂ ರಸ್ತೆಯಲ್ಲಿ ನಿಲ್ಲಬೇಕೇ ಹೊರತು ಗುಡ್ಡ ಹತ್ತುವಂಥದಲ್ಲ.

ಪ್ರಸನ್ನಕುಮಾರ್ ರೇಖೆಯುದ್ದಕ್ಕೂ ಕಣ್ಣು ಓಡಿಸಿದ. ಎಡಕ್ಕೆ ಬೋಳು, ಬಲಕ್ಕೆ ಬೋಳು, ನಡುವೆ ದೇವರ ಮಟ್ಟಿ ಎದೆಮಟ್ಟ ಹುಲ್ಲು ಹೊತ್ತು ನಿಂತಿತ್ತು. ಸಂಕ್ರಾಂತಿಯಲ್ಲಿ ಆಡಿದ ಮಾತನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ಗಂಗಕ್ಕ.

“ಎದುರು ಬೆಂಕಿ ಕೊಡಬೇಕು” ಎಂದ ಅವನು. “ಮಟ್ಟಿ ಬುಡದ ಗಾಡಿ ಜಾಡಿನಿಂದ ಹಚ್ಚಿದರೆ ಮೇಲಕ್ಕೆ ಉರ್ಕೊಂಡು ಹೋಗಿ ಆ ಬೆಂಕೀನ ಮಧ್ಯದಲ್ಲೇ ಹಿಡಿಯುತ್ತೆ. ಇಲ್ಲಾಂದ್ರೆ ಇದು ಕೆಳಗಿಳಿದರೆ ಮೊದಲು ಬಣವೆಗಳು, ಆಮೇಲೆ ಕುರಿ ರೊಪ್ಪ, ಆಮೇಲೆ ಮನೆ.”

ಸರಿಯಾದ ಮಾತು. ಕೇಳಿದ್ದರೆ ಗಂಗಕ್ಕನೂ ಅದನ್ನೇ ಹೇಳುತ್ತಿದ್ದಳು. ಅಷ್ಟರಲ್ಲಿ ಚಿತ್ತಮ್ಮ ಬಂದು ಅವಳ ತೋಳು ಹಿಡಿದಳು.

“ಗಂಗಿ, ಜುಂಜೇಶ ಎಲ್ಲಿ?”

“ಎಲ್ಲೋ ದನದ ಹಿಂದೆ ಅವ್ನೆ. ಕೆರೆ ಕಡೆ ಇರಬೇಕು.”

“ಇಲ್ಲ ಕಣೆ. ನಾನು ಸೌದೆಗೆ ಹೋದಾಗ ಕಂಡೆ. ದನ ಮಟ್ಟಿ ಹಿಂದಿನ ಕೊಳ್ಳಕ್ಕೆ ಇಳೀತಿದ್ವು, ಬಂಡೆ ದೊಣೆ ನೀರಿಗೆ. ಎಲ್ಲಿಗಪ್ಪ ಅಂತ ಕೇಳಬಾರದು ಅಂತ ಬಾಯಿ ಮುಚ್ಕಂಡು ಬಂದೆ.”

ಮಟ್ಟಿಯ ಹಿಂದೆ, ದೊಡ್ಡ ಗುಡ್ಡಕ್ಕೂ ಮಟ್ಟಿಗೂ ನಡುವೆ ಆ ಕೊಳ್ಳ. ಮೇಲಿನಿಂದ ಬೆಂಕಿ ಇಳಿಯುತ್ತಿದ್ದದ್ದು ಅಲ್ಲಿಗೇ. ಕೆಳಗಿನಿಂದ ಹಚ್ಚಿದರೆ ಹತ್ತುವುದೂ ಅಲ್ಲಿಗೇ.

ಗಂಗಕ್ಕ ಫೋನ್ ತೆಗೆದು ಮಗನ ಹೆಸರು ಒತ್ತಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಾವಳೋ ನಿಶ್ಚಿಂತೆಯಿಂದ ಹೇಳಿದಳು. ಮತ್ತೆ ಒತ್ತಿದಳು. ಆಮೇಲೆ ಫೋನನ್ನು ಚಿತ್ತಮ್ಮನ ಕೈಗೆ ತುರುಕಿ, ಸೆರಗು ಸಿಕ್ಕಿಸಿಕೊಂಡು ಮಟ್ಟಿಯ ಕಡೆ ಓಡಿದಳು. ಪ್ರಸನ್ನಕುಮಾರ್ ಅಡ್ಡ ಬಂದು ಎರಡೂ ಕೈ ಚಾಚಿ ನಿಂತ.

“ಎಲ್ಲಿಗೆ? ಆ ಹುಲ್ಲಿನೊಳಗೆ ಹೋದ್ರೆ ನೀವೂ ಬರಲ್ಲ. ಅವನು ಬೆಂಕಿ ನೋಡಿ ಯಾವಾಗಲೋ ಓಡಿರ್ತಾನೆ ಗಂಗಕ್ಕ.”

“ಓಡಲ್ಲ ಸಾರ್ ಅವನು. ಕಿಲಾರಿ ದನ ಬಿಟ್ಟು ಓಡಲ್ಲ.”

“ಜೀವಕ್ಕಿಂತ ದನ ಹೆಚ್ಚಾ?”

“ನಾನೇ ಹೇಳಿಕೊಟ್ಟೀನಿ ಸಾರ್, ಓಡಬ್ಯಾಡ ಅಂತ.” ಅವಳು ಅವನ ಚಾಚಿದ ಕೈ ಹಿಡಿದು ನಿಂತುಬಿಟ್ಟಳು. “ಬಾಯಾಗೆ ಹಾಕಿ ಹಾಕಿ ಹೇಳಿಕೊಟ್ಟೀನಿ.”

ಅವರು ಕೂಗಿದರು. ಹಟ್ಟಿಯ ಗಂಡಸರೆಲ್ಲ ಸೇರಿ, ಕುರಿ ಕರೆಯುವಂತೆ ಉದ್ದಕ್ಕೆ ಕೂಗಿದರು. ಬೆಂಕಿಯ ಸದ್ದು ಆಗಲೇ ದೊಡ್ಡದಾಗಿತ್ತು, ಒಣ ತೊಗರಿ ಕಟ್ಟಿಗೆಯನ್ನು ಸಾವಿರ ಜನ ಮುರಿಯುತ್ತಿರುವಂತೆ. ಕೂಗು ಅದರೊಳಗೆ ಬಿದ್ದು ಕಾಣದಾಯಿತು.

ಆಗ ಕೊಳ್ಳದೊಳಗಿಂದ ಇನ್ನೊಂದು ಹೊಗೆ ಎದ್ದಿತು.

“ಹೋಯ್ತು!” ಎಂದು ಒಬ್ಬ ವಾಚರು ಕೂಗಿದ. “ಕಿಡಿ ಹಾರಿ ಕೊಳ್ಳಕ್ಕೆ ಬಿತ್ತು!”

ಪ್ರಸನ್ನಕುಮಾರ್ ತುಟಿ ಕಚ್ಚಿಕೊಂಡ. ಹೆಂಗಸರಲ್ಲಿ ಯಾರೋ ಅಳಲು ಶುರುಮಾಡಿದರು. ಗಂಗಕ್ಕ ಅಳಲಿಲ್ಲ. ಅವಳು ಆ ಹೊಗೆಯನ್ನೇ ನೋಡುತ್ತಿದ್ದಳು. ಅಪ್ಪನ ಕಂಬಳಿಯ ವಾಸನೆ, ಬಿಸಿ ಬೂದಿಯಲ್ಲಿ ಕೆಮ್ಮುವ ಕುರಿಗಳು, ಮೂಗಿನೊಳಗೆಲ್ಲ ತುಂಬಿಕೊಂಡಂತಾಯಿತು. ಹಾರಿದ ಕಿಡಿ ಹಚ್ಚಿದ ಬೆಂಕಿಯೋ ಇದು? ಅಥವಾ ಕೈ ಹಚ್ಚಿದ್ದೋ? ಮಗ ಹಚ್ಚಿದ್ದಾದರೆ ಅವನೀಗ ಕರಿ ನೆಲದಲ್ಲಿ ನಿಂತಿದ್ದಾನೆ, ಮೇಲಿನ ಬೆಂಕಿಯೂ ಕೆಳಗಿನ ಬೆಂಕಿಯೂ ಅವನನ್ನು ಮುಟ್ಟಲಾರವು. ಹಚ್ಚಿದ್ದು ಅವನಲ್ಲವಾದರೆ...

ಅವನಿಗೆ ಆ ಕಥೆ ಯಾರು ಹೇಳಿದ್ದಾರು? ತಾನು ಹೇಳಿಲ್ಲ. ಕಾಟಲಿಂಗಪ್ಪ ಹೇಳಿದ್ದನೇ? ಕೊನೆಯ ವರ್ಷ ಜಗಲಿ ಮೇಲೆ ಮಲಗಿ ಮಗನ ಹತ್ತಿರ ಏನೇನೋ ಮಾತಾಡುತ್ತಿದ್ದ. ಅವಳು ಆಗ ಗುಡ್ಡದಲ್ಲಿರುತ್ತಿದ್ದಳು. ಮತ್ತೆ ಕಡ್ಡಿಪೆಟ್ಟಿಗೆ? ಅದನ್ನು ತಾನೇ ಎಲ್ಲರ ಮುಂದೆ ಕಿತ್ತುಕೊಂಡಿದ್ದಳಲ್ಲ. ಇನ್ನೊಂದು ಇಟ್ಟುಕೊಂಡಿರಲಿ ದೇವರೇ, ಅವ್ವನ ಮಾತು ಮೀರಿರಲಿ, ಬೀಡಿ ಸೇದುವವನೇ ಆಗಿರಲಿ ಎಂದು ಅವಳು ಬೇಡಿಕೊಂಡಳು. ಯಾವ ತಾಯಿಯೂ ದೇವರ ಮುಂದೆ ಇಂಥ ವರ ಕೇಳಿರಲಾರಳು.

“ಗಂಗಕ್ಕ, ಇನ್ನು ತಡ ಮಾಡಂಗಿಲ್ಲ” ಎಂದ ಪ್ರಸನ್ನಕುಮಾರ್. “ನೀವು ಹೇಳದೆ ನಾನು ಹಚ್ಚಲ್ಲ. ಆದರೆ ಹಟ್ಟಿ ಹೋಗುತ್ತೆ.”

“ಒಂದೀಟು ತಡೀರಿ ಸಾರ್. ಆ ಒಳಗಿನ ಹೊಗೆ ತೆಳ್ಳಗಾಗಲಿ. ತೆಳ್ಳಗಾದ್ರೆ ಅಲ್ಲಿನ ಹುಲ್ಲು ಸುಟ್ಟು ಮುಗೀತು ಅಂತ.”

ಅವಳು ಕ್ಯಾತಣ್ಣನ ಕಡೆ ತಿರುಗಿದಳು. ಪೂಜಾರಿ ಪೇಟ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದ.

“ಏನ್ ಹೇಳ್ತೀಯಣ್ಣ?”

“ಹುಲ್ಲು ಆತನದು, ದನ ಆತನದು, ನಿನ್ನ ಮಗನೂ ಆತನದೇ. ನಾನು ಹಚ್ಚು ಅನ್ನಾಕಿಲ್ಲ ತಾಯಿ, ಬ್ಯಾಡ ಅನ್ನಾಕೂ ಇಲ್ಲ.”

“ಎಲ್ಲಾ ಆತನದೇ ಆದ್ರೆ ಕಡ್ಡಿ ಗೀಚೋ ಕೈ ಯಾರದಣ್ಣ?” ಎಂದಳು ಗಂಗಕ್ಕ.

ಕೊಳ್ಳದ ಹೊಗೆ ಬಿಳಿಚಿತು. ಅಲುಗಿತು. ತೆಳ್ಳಗಾಯಿತೇ, ಇಲ್ಲಾ ಗಾಳಿಗೆ ಚದುರಿತೇ, ಗೊತ್ತಾಗಲಿಲ್ಲ. ಮೇಲಿನ ಬೆಂಕಿ ಗುಡ್ಡದ ಅರ್ಧಕ್ಕೆ ಇಳಿದು ಒಂದು ಕಮರದ ಗಿಡವನ್ನು ಬುಡದಿಂದ ತುದಿಗೆ ಒಮ್ಮೆಲೇ ನುಂಗಿತು. ಹಿಂದೆ ಹಟ್ಟಿಯ ರೊಪ್ಪದಲ್ಲಿ ಕಟ್ಟಿಹಾಕಿದ ಕುರಿಮರಿಗಳು ಒಂದೇ ಸಮ ಕಿರಿಚುತ್ತಿದ್ದವು. ಗಂಗಕ್ಕ ಚೀಲಕ್ಕೆ ಕೈ ಹಾಕಿದಳು. ಯಾರು ಯಾರಿಂದಲೋ ಕಿತ್ತುಕೊಂಡ ಕಡ್ಡಿಪೆಟ್ಟಿಗೆಗಳಲ್ಲಿ ಕೈಗೆ ಸಿಕ್ಕಿದ್ದೊಂದನ್ನು ತೆಗೆದಳು. ಒಂದು ಹಿಡಿ ಒಣ ಹುಲ್ಲನ್ನು ಸಿವುಡು ಕಟ್ಟಿ, ಕಡ್ಡಿ ಗೀಚಿ ಹಚ್ಚಿಕೊಂಡು, ಗಾಡಿ ಜಾಡಿನುದ್ದಕ್ಕೂ ಬಗ್ಗಿ ಬಗ್ಗಿ ಮುಟ್ಟಿಸುತ್ತ ಓಡಿದಳು. ಹುಲ್ಲು ಇದಕ್ಕೇ ಕಾದು ಕೂತಿದ್ದಂತೆ ಹತ್ತಿಕೊಂಡಿತು. ಅವಳ ಹಿಂದೆಯೇ ಉಳಿದವರು ಬರಲು ಬಡಿಯುತ್ತ ಬೆಂಕಿ ಈಚೆಗೆ ಹೊರಳದಂತೆ ನೋಡಿಕೊಂಡರು. ಮಟ್ಟಿಯ ಆ ತುದಿ ಮುಟ್ಟಿದ ಮೇಲೆ ಸಿವುಡನ್ನು ನೆಲಕ್ಕೆ ಒತ್ತಿ ತುಳಿದು, ಅಲ್ಲೇ ಕುಸಿದು ಕೂತಳು.

ಅವಳು ಹಚ್ಚಿದ ಬೆಂಕಿ ಮಟ್ಟಿ ಹತ್ತಿತು. ಮೊದಮೊದಲು ಗಾಳಿಗೆ ಎದುರಾಗಿ ತಡವರಿಸಿ, ಆಮೇಲೆ ಮೇಲಿನ ಬೆಂಕಿಯ ಸೆಳೆತ ಸಿಕ್ಕಿ ಓಡಿತು. ಎರಡೂ ಕೂಡಿದಾಗ ಎದ್ದ ಸದ್ದಿಗೆ ಹೆಂಗಸರು ಕಿವಿ ಮುಚ್ಚಿಕೊಂಡರು. ಜ್ವಾಲೆ ತಾಳೆ ಮರದೆತ್ತರ ಎದ್ದು, ತಿನ್ನಲು ಇನ್ನೇನೂ ಸಿಗದೆ ತಟ್ಟನೆ ಬಿದ್ದುಹೋಯಿತು. ಆಮೇಲೆ ಬರೀ ಹೊಗೆ.

ಹಟ್ಟಿ ಉಳಿದಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರಸನ್ನಕುಮಾರ್ ನೀರಿನ ಬಾಟಲಿ ತಂದು ಅವಳ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಮಟ್ಟಿಯ ನೆತ್ತಿಯ ಮೇಲೆ ಕಣ್ಣಿಟ್ಟು ಕೂತಿದ್ದಳು. ಹೊಗೆ ಸರಿದಾಗೊಮ್ಮೆ ಏನೋ ಅಲುಗಿದಂತಾಗುತ್ತಿತ್ತು, ನೋಡಿದರೆ ಮೋಟು ಗಿಡ. ಮತ್ತೆ ಅಲುಗಿದಂತಾಗುತ್ತಿತ್ತು, ಮತ್ತೆ ಮೋಟು ಗಿಡ. ಕೊನೆಗೆ ಒಂದು ಮೋಟು ಗಿಡಕ್ಕೆ ಕೊಂಬುಗಳಿದ್ದವು.

ದನಗಳು ಬೂದಿ ಮೆತ್ತಿಕೊಂಡು ಒಂದೇ ಬಣ್ಣವಾಗಿ, ಕೆಮ್ಮುತ್ತ, ಒಂದರ ಬೆನ್ನಿಗೊಂದು ಅಂಟಿಕೊಂಡು ಇಳಿದವು. ಅವುಗಳ ಹಿಂದೆ ಜುಂಜೇಶ. ಹುಬ್ಬು ಸುಟ್ಟಿತ್ತು, ಕಂಬಳಿಯ ಅಂಚು ಇನ್ನೂ ಹೊಗೆಯಾಡುತ್ತಿತ್ತು, ಬಿಸಿ ನೆಲ ತುಳಿದ ಕಾಲನ್ನು ಊರಲಾಗದೆ ಕುಂಟುತ್ತಿದ್ದ. ಹೆಂಗಸರು ಹೋ ಎಂದು ಎದ್ದರು. ಅವನು ಯಾರನ್ನೂ ನೋಡಲಿಲ್ಲ. ಗಾಡಿ ಜಾಡಿಗೆ ಬಂದವನೇ ಗಂಟಲು ಹರಿಯುವಂತೆ ಕೂಗಿದ.

“ಕೆಳಗಿಂದ ಬೆಂಕಿ ಇಟ್ಟ ಮುಂಡೇಮಗ ಯಾವನ್ಲೇ?”

ಜನ ಇದ್ದಲ್ಲೇ ನಿಂತರು.

“ಸುತ್ತ ಹುಲ್ಲು ಸುಟ್ಟುಕಂಡು ನಿಂತಿದ್ದೆ ಕಣ್ರೋ! ಎಲ್ಲಾ ದನ ಕರಿ ನೆಲದೊಳಗೆ ನಿಂತಿದ್ವು. ಕೆಳಗಿಂದ ಬಂದಿದ್ದು ನೋಡಿ ಮುತ್ತಯ್ಯ ಬೆದರಿ ಕಿತ್ಕಂಡು ಹೋಯ್ತು. ಹಿಡಿಯಾಕೆ ಆಗಲಿಲ್ಲ. ಕಣ್ಣೆದುರಿಗೇ ಬೆಂಕಿಯೊಳಕ್ಕೆ ಹೋಯ್ತು. ಯಾವನ್ಲೇ ಅವನು?”

ಮುತ್ತಯ್ಯ ಎಂದರೆ ದೇವರ ದನಗಳಲ್ಲಿ ಹಿರಿಯ ಎತ್ತು. ಕ್ಯಾತಣ್ಣ ಕಣ್ಣು ಮುಚ್ಚಿಕೊಂಡ. ಪ್ರಸನ್ನಕುಮಾರ್ ಒಂದು ಹೆಜ್ಜೆ ಮುಂದೆ ಬಂದು, “ನಾನು ಹೇಳಿದ್ದು ಜುಂಜೇಶ, ಬೇರೆ ದಾರಿ ಇರಲಿಲ್ಲ” ಎಂದು ಶುರುಮಾಡಿದ.

“ಸಾರ್, ಸುಮ್ನಿರ್ರಿ” ಎಂದಳು ಗಂಗಕ್ಕ. ನೆಲಕ್ಕೆ ಕೈ ಊರಿ ಎದ್ದು ನಿಂತಳು. “ನಾನೇ ಕಣಪ್ಪ ಹಚ್ಚಿದ್ದು.”

ಜುಂಜೇಶ ಅವಳನ್ನು ನೋಡಿದ. ಹೊಗೆಗೆ ಕೆಂಪಾದ ಕಣ್ಣು ಪಿಳಿಪಿಳಿ ಬಿಟ್ಟ. ಬಾಯಲ್ಲಿದ್ದ ಬೈಗುಳ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಂತಿತ್ತು.

“ನಾನು ಒಳಗಿರಾದು ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ...”

“ನಿನ್ನ ಹೊಗೆ ಕಂಡೆ. ನೀನೇ ಹಚ್ಚಿದ್ದು ಅಂದ್ಕಂಡೆ.”

“ಅಂದ್ಕಂಡೆ” ಎಂದ ಅವನು, ಮೆಲ್ಲಗೆ. ಆಮೇಲೆ, “ಇನ್ನೊಂದೀಟು ತಡೆಯಾಕೆ ಆಗಲಿಲ್ವೇನವ್ವ?”

ಅವಳಿಗೆ ಉತ್ತರವಿತ್ತು. ಹಟ್ಟಿ ಇತ್ತು, ರೊಪ್ಪದ ಮರಿಗಳಿದ್ದವು, ಅರ್ಧ ಗುಡ್ಡ ಇಳಿದಿದ್ದ ಬೆಂಕಿ ಇತ್ತು. ಒಂದೂ ಬಾಯಿಗೆ ಬರಲಿಲ್ಲ. ಇನ್ನೊಂದಿಷ್ಟು ತಡೆಯಬಹುದಿತ್ತೇ ಎಂದು ಅವಳಿಗೇ ಗೊತ್ತಿರಲಿಲ್ಲ. ಚಿತ್ತಮ್ಮ ಜುಂಜೇಶನನ್ನು ಹಿಡಿದು ಕೂರಿಸಿ, “ಮೊದಲು ನೀರು ಕುಡಿಯೋ ಲೇ, ಆಮೇಲೆ ನಿಮ್ಮವ್ವಗೆ ನ್ಯಾಯ ಹೇಳುವಂತೆ” ಎಂದು ಅವನ ತಲೆಗೆ ನೀರು ಸುರಿದಳು. ಬೂದಿ ಕರಗಿ ಮುಖದ ಮೇಲೆ ಹರಿಯಿತು. ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಹೆಗಲು ಅಲುಗುತ್ತಿದ್ದದ್ದನ್ನು ಕಂಡು ಗಂಡಸರು ಬೇರೆ ಕಡೆ ತಿರುಗಿದರು.

ಬಿಸಿಲು ಇಳಿದ ಮೇಲೆ ಕ್ಯಾತಣ್ಣ ನಾಲ್ಕು ಜನರನ್ನು ಕರೆದುಕೊಂಡು ಮುತ್ತಯ್ಯನನ್ನು ಮಣ್ಣು ಮಾಡಲು ಮೇಲೆ ಹೋದ. ಹಾರೆ, ಗುದ್ದಲಿ ಹೊತ್ತುಕೊಂಡೇ ಹೋದರು. ಆ ಮಟ್ಟಿಯ ಮೇಲೆ ಕಬ್ಬಿಣ ಹತ್ತುವುದನ್ನು ಹಟ್ಟಿ ಮೊದಲ ಸಲ ಕಂಡಿತು. ಯುಗಾದಿ ಆಚೆಗೆ ದೇವರ ದನಕ್ಕೆ ಏನು ಹಾಕುವುದು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಪ್ರಸನ್ನಕುಮಾರ್ ಸಾಹೇಬರಿಗೆ ಫೋನ್ ಮಾಡಿ, ಬೆಂಕಿ ಹತೋಟಿಗೆ ಬಂತು ಸರ್, ಜೀವಹಾನಿ ಇಲ್ಲ ಸರ್ ಎಂದ. ಫೋನ್ ಇಟ್ಟವನು ಮಟ್ಟಿ ಹತ್ತುತ್ತಿದ್ದ ಗುದ್ದಲಿಗಳ ಕಡೆ ನೋಡಿದ.

ಗಂಗಕ್ಕನ ಕೆಲಸ ಮುಗಿದಿರಲಿಲ್ಲ. ಬೆಂಕಿ ಹೋದ ಮೇಲೂ ಹಳೆ ಸಗಣಿಯಲ್ಲಿ, ಮೋಟು ಗಿಡದ ಬೇರಿನಲ್ಲಿ ಕೆಂಡ ಕೂತಿರುತ್ತದೆ. ಮೇಲೆ ಬೂದಿ ಹೊದ್ದು ಮಲಗಿದಂತಿರುತ್ತದೆ, ಗಾಳಿ ಬಂದರೆ ಏಳುತ್ತದೆ. ಅವಳು ಕೊಡ ಹಿಡಿದು, ಸುಟ್ಟ ಅಂಚಿನುದ್ದಕ್ಕೂ ಒಂದೊಂದೇ ಸಗಣಿ ಹೊರಳಿಸಿ ನೋಡುತ್ತ, ನೀರು ಚಿಮುಕಿಸುತ್ತ, ಮಣ್ಣು ಮುಚ್ಚುತ್ತ ನಡೆದಳು. ಕೈಯ ಹಚ್ಚೆಯೆಲ್ಲ ಮಸಿಯಾಗಿ ಯಾವುದು ಹಚ್ಚೆ ಯಾವುದು ಮಸಿ ತಿಳಿಯುತ್ತಿರಲಿಲ್ಲ. ಒಮ್ಮೆ ಹಿಂದೆ ತಿರುಗಿದಾಗ ಜುಂಜೇಶ ಬಂಡೆಯ ಹತ್ತಿರ ಕೂತು ಅವಳನ್ನೇ ನೋಡುತ್ತಿದ್ದ. ಪಾದಕ್ಕೆ ಚಿತ್ತಮ್ಮ ಯಾವುದೋ ಸೊಪ್ಪು ಅರೆದು ಕಟ್ಟಿದ್ದಳು. ಗಂಗಕ್ಕ ಮುಖ ತಿರುಗಿಸಿ ಕೆಲಸಕ್ಕೆ ಬಗ್ಗಿದಳು.

ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ದನಿ ಬಂತು.

“ಅವ್ವಾ.”

ಅವಳು ನಿಂತಳು.

“ಎಡಕ್ಕೆ ನೋಡು. ಆ ಕಲ್ಲು ಗುಂಡಿನ ಹಿಂದೆ ಇನ್ನೂ ಹೊಗೆ ಐತೆ.”

ಕೊಡದಲ್ಲಿ ನೀರು ತಳ ಮುಟ್ಟಿತ್ತು. ಅವಳು ಗುಂಡಿನ ಹಿಂದೆ ಹೋಗಿ ಇದ್ದಷ್ಟನ್ನೂ ಸುರಿದಳು. ಚುಂಯ್ ಎಂದು ಆವಿ ಎದ್ದಿತು, ಹೊಗೆ ಮಾತ್ರ ನಿಲ್ಲಲಿಲ್ಲ. ಅವಳು ಕೂತು ಬರಿಗೈಯಲ್ಲಿ ಮಣ್ಣು ಬಾಚತೊಡಗಿದಳು. ಕುಂಟುವ ಹೆಜ್ಜೆಯ ಸದ್ದು ಹತ್ತಿರ ಬಂತು. ಜುಂಜೇಶ ಎದುರಿಗೆ ಕೂತು, ಅವಳ ಮುಖ ನೋಡದೆ, ತಾನೂ ಆ ಕಡೆಯಿಂದ ಮಣ್ಣು ಎಳೆದು ಹಾಕಿದ.